ಒಂದೇ ಗೆರೆ ಬಂದರೆ: ಮನೆಯಲ್ಲಿ ಮಾಡುವ ಡ್ರಗ್ಸ್ ಪರೀಕ್ಷೆಯ ಕಿಟ್ ಬಗ್ಗೆ

ಮೊದಲು ಗೆರೆಯ ವಿಷಯ. ಗರ್ಭ ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಮೂಡಿದರೆ ‘ಇದೆ’ ಎಂದು ಲೆಕ್ಕ. ಮೂತ್ರದಲ್ಲಿ ಡ್ರಗ್ಸ್ ಹುಡುಕುವ ಕಿಟ್‌ನಲ್ಲಿ ಎರಡು ಗೆರೆ ಮೂಡಿದರೆ ‘ಇಲ್ಲ’ ಎಂದು ಲೆಕ್ಕ. ಆ ಅಭ್ಯಾಸದಲ್ಲೇ ಇದನ್ನೂ ಓದಿದರೆ ಏನೂ ಮುಟ್ಟದ ಹುಡುಗ ಏಟು ತಿನ್ನುತ್ತಾನೆ, ಮುಟ್ಟಿದವನು ಪಾರಾಗುತ್ತಾನೆ. ಪಟ್ಟಿಯ ‘ಟಿ’ (ಟೆಸ್ಟ್) ಜಾಗದಲ್ಲಿ ಡ್ರಗ್‌ನ ಅಣುಗಳನ್ನು ಮೊದಲೇ ಅಂಟಿಸಿರುತ್ತಾರೆ. ಮೂತ್ರದ ಜೊತೆ ಮೇಲೇರಿ ಬರುವ ಬಣ್ಣದ ಆಂಟಿಬಾಡಿ ಅಲ್ಲಿ ಕಚ್ಚಿಕೊಂಡರೆ ಗೆರೆ ಕಾಣುತ್ತದೆ. ಮೂತ್ರದಲ್ಲೇ ಡ್ರಗ್ ಇದ್ದರೆ ಆಂಟಿಬಾಡಿ ದಾರಿಯಲ್ಲೇ ಅದರ ಜೊತೆ ಸೇರಿಬಿಡುತ್ತದೆ, ‘ಟಿ’ ಜಾಗ ಖಾಲಿ ಉಳಿಯುತ್ತದೆ. ಹಾಗಾಗಿ ‘ಸಿ’ (ಕಂಟ್ರೋಲ್, ಪಟ್ಟಿ ಸರಿಯಿದೆ ಎಂದು ತೋರಿಸುವುದು) ಗೆರೆ ಒಂದೇ ಬಂದರೆ ಪಾಸಿಟಿವ್. ‘ಟಿ’ ಗೆರೆ ಎಷ್ಟೇ ಮಸುಕಾಗಿದ್ದರೂ ನೆಗೆಟಿವ್. ‘ಸಿ’ ಗೆರೆಯೇ ಬಾರದಿದ್ದರೆ ಆ ಪಟ್ಟಿ ಕೆಟ್ಟಿದೆ, ಬಿಸಾಡಿ ಇನ್ನೊಂದು ತೆಗೆಯಬೇಕು. ಸಾಮಾನ್ಯವಾಗಿ 5 ನಿಮಿಷಕ್ಕೆ ಓದಬೇಕು. 10 ನಿಮಿಷ ದಾಟಿದ ಮೇಲೆ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಕಸದ ಬುಟ್ಟಿಯಿಂದ ಪಟ್ಟಿಯನ್ನು ಮರುದಿನ ಎತ್ತಿ ನೋಡಿ ಜಗಳ ತೆಗೆಯುವುದಂತೂ ಪೂರಾ ವ್ಯರ್ಥ.

ಬೆಂಗಳೂರಿನ ದೊಡ್ಡ ಮೆಡಿಕಲ್ ಶಾಪ್‌ಗಳಲ್ಲೂ ಆನ್‌ಲೈನ್‌ನಲ್ಲೂ ಇದು ಮೂರು ರೂಪದಲ್ಲಿ ಸಿಗುತ್ತದೆ: ಅದ್ದುವ ಪಟ್ಟಿ, ಹನಿ ಹಾಕುವ ಕ್ಯಾಸೆಟ್, ಪಟ್ಟಿಗಳನ್ನು ಗೋಡೆಯಲ್ಲೇ ಕೂರಿಸಿದ ಮುಚ್ಚಳದ ಕಪ್. ಒಳಗಿನ ತಂತ್ರ ಮೂರಕ್ಕೂ ಒಂದೇ, ಕೈತಪ್ಪು ಮಾತ್ರ ಬೇರೆ ಬೇರೆ. ಪಟ್ಟಿಯನ್ನು ಬಾಣದ ಗುರುತಿನ ಕೆಳಗಿನ ಗೆರೆಯವರೆಗೆ 10ರಿಂದ 15 ಸೆಕೆಂಡು ಅದ್ದಬೇಕು. ಗೆರೆ ದಾಟಿ ಮುಳುಗಿಸಿದರೆ ಬಣ್ಣ ತೊಳೆದುಹೋಗಿ ಫಲಿತಾಂಶ ಕೆಡುತ್ತದೆ. ಕ್ಯಾಸೆಟ್‌ಗೆ ಮೂರು ಹನಿ ಸಾಕು. ಗುಳ್ಳೆ ಕೂತರೆ ಮೂತ್ರ ಮುಂದಕ್ಕೆ ಹರಿಯುವುದಿಲ್ಲ. ಕಪ್ ದುಬಾರಿ, ಆದರೆ ಅದರ ಹೊರಮೈಗೆ ಉಷ್ಣತೆ ತೋರಿಸುವ ಪಟ್ಟಿ ಅಂಟಿಸಿರುತ್ತಾರೆ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಆಗಷ್ಟೇ ಹಿಡಿದ ಮೂತ್ರ 4 ನಿಮಿಷದೊಳಗೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಿದ್ದರೆ ಅದು ಬೇರೆಯವರದ್ದು ಅಥವಾ ನಲ್ಲಿ ನೀರು ಬೆರೆಸಿದ್ದು ಎಂದು ಅನುಮಾನಿಸಬಹುದು. ನೀರಿನಂತೆ ಬಣ್ಣವೇ ಇಲ್ಲದ ಮೂತ್ರವೂ ಪ್ರಯೋಜನಕ್ಕಿಲ್ಲ. ಲ್ಯಾಬಿನಲ್ಲಿ ಕ್ರಿಯಾಟಿನಿನ್ (ಮೂತ್ರದಲ್ಲಿ ಸಹಜವಾಗಿ ಇರುವ ತ್ಯಾಜ್ಯ) 20 ಮಿಲಿಗ್ರಾಂಗಿಂತ (ಪ್ರತಿ ಡೆಸಿಲೀಟರ್‌ಗೆ) ಕಡಿಮೆ ಬಂದರೆ ನೀರಾದ ಮಾದರಿ ಎಂದೇ ಹಿಡಿಯುತ್ತಾರೆ. ಬೆಳಗಿನ ಮೊದಲ ಮೂತ್ರವೇ ಒಳ್ಳೆಯದು.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಒಂದು ಪ್ಯಾನೆಲ್ ಎಂದರೆ ಒಂದು ಜಾತಿಯ ಡ್ರಗ್ ಹುಡುಕುವ ಪಟ್ಟಿ. ಎಷ್ಟು ಪ್ಯಾನೆಲ್ ಎಂಬುದಕ್ಕಿಂತ ಯಾವ ಪ್ಯಾನೆಲ್ ಎಂಬುದು ಮುಖ್ಯ. ಮೆತ್ (ಮೆತಾಂಫೆಟಮಿನ್ ಎಂಬ ಉತ್ತೇಜಕ ಡ್ರಗ್) ಹುಡುಕುವ ಮೊದಲ ಪರೀಕ್ಷೆಗೆ ‘ಎಂಇಟಿ’ (ಮೆತ್‌ನ ಪಟ್ಟಿ) ಮತ್ತು ‘ಎಎಂಪಿ’ (ಆಂಫೆಟಮಿನ್‌ನ ಪಟ್ಟಿ) ಎರಡೂ ಇರಲಿ. ಮೆತ್‌ನ ಒಂದು ಭಾಗ ದೇಹದಲ್ಲಿ ಆಂಫೆಟಮಿನ್ ಆಗಿ ಬದಲಾಗುತ್ತದೆ, ಆದ್ದರಿಂದ ಜಾಸ್ತಿ ಎಳೆದವರಲ್ಲಿ ಎರಡೂ ಪಾಸಿಟಿವ್ ಬರುವುದು ಸಾಮಾನ್ಯ. ‘ಎಂಇಟಿ’ ಒಂದೇ ಬಂದರೆ ಸ್ವಲ್ಪ ತೆಗೆದುಕೊಂಡಿರಬಹುದು, ಈಗಷ್ಟೇ ತೆಗೆದುಕೊಂಡಿರಬಹುದು, ನೆಗಡಿ ಮಾತ್ರೆಯ ಆಟವೂ ಆಗಿರಬಹುದು. ಡಬ್ಬಿಯಲ್ಲಿ ಪ್ಯಾನೆಲ್ ಹೆಸರಿನ ಪಕ್ಕದಲ್ಲೇ ಮಿತಿಯ ಅಂಕಿ ಇರುತ್ತದೆ: ಕೆಲವು ಕಿಟ್‌ಗಳಿಗೆ ಪ್ರತಿ ಮಿಲಿಲೀಟರ್‌ಗೆ 500 ನ್ಯಾನೊಗ್ರಾಂ, ಕೆಲವಕ್ಕೆ 1000. ಒಂದೇ ಮೂತ್ರ 500ರ ಕಿಟ್‌ನಲ್ಲಿ ಪಾಸಿಟಿವ್, 1000ದ ಕಿಟ್‌ನಲ್ಲಿ ನೆಗೆಟಿವ್ ಬರಬಹುದು. ಒಂದು ವಾರ ಒಂದು ಕಂಪನಿಯದು, ಮುಂದಿನ ವಾರ ಇನ್ನೊಂದರದು ಬಳಸಿ ‘ಕಡಿಮೆಯಾಗಿದೆ’ ಎಂದುಕೊಳ್ಳುವುದು ಈ ಕಾರಣಕ್ಕೆ ತಪ್ಪು.

ಇಲ್ಲಿನ ಬೀದಿಗೆ ಸಂಬಂಧಿಸಿದ ಒಂದು ದೊಡ್ಡ ಕೊರತೆಯನ್ನು ಡಬ್ಬಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ ‘ಎಂಡಿ’ ಎಂದು ಮಾರುವ ಪುಡಿ ಎಂಡಿಎಂಎ ಇರಬಹುದು, ಮೆಫೆಡ್ರೋನ್ ಇರಬಹುದು, ಎರಡೂ ಬೇರೆ ಬೇರೆ ಉತ್ತೇಜಕ ಡ್ರಗ್ಸ್. ‘ಕ್ರಿಸ್ಟಲ್’ ಎಂದರೂ ಅಷ್ಟೇ. ಕೊಳ್ಳುವವನಿಗೇ ಒಳಗೇನಿದೆ ಎಂದು ಗೊತ್ತಿರುವುದಿಲ್ಲ. ಮೆಫೆಡ್ರೋನ್ ಅನ್ನು ‘ಎಂಇಟಿ’, ‘ಎಎಂಪಿ’ ಪಟ್ಟಿಗಳು ನಂಬುವ ಮಟ್ಟಿಗೆ ಹಿಡಿಯುವುದಿಲ್ಲ. ನೋವಿನ ಮಾತ್ರೆ ಟಪೆಂಟಡಾಲ್ ಅನ್ನು ಅರೆದು ಚುಚ್ಚಿಕೊಳ್ಳುವವರಿದ್ದಾರೆ, ಅದು ಸಾಮಾನ್ಯ ಓಪಿಯೇಟ್ (ಅಫೀಮು ಜಾತಿಯ ಡ್ರಗ್) ಪಟ್ಟಿಗೆ ಸಿಗುವುದಿಲ್ಲ. ನೆಗೆಟಿವ್ ಬಂತೆಂದು ನಿಟ್ಟುಸಿರು ಬಿಡುವ ಮೊದಲು ಇದು ನೆನಪಿರಲಿ.

ಪಾಸಿಟಿವ್ ಕೂಡ ಮೋಸ ಮಾಡಬಲ್ಲದು. ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ, ಅಸಿಡಿಟಿಗೆ ನುಂಗುವ ರಾನಿಟಿಡಿನ್, ಬಿಪಿಯ ಲ್ಯಾಬೆಟಲಾಲ್, ಖಿನ್ನತೆಗೂ ಸಿಗರೇಟು ಬಿಡಿಸಲಿಕ್ಕೂ ಕೊಡುವ ಬುಪ್ರೋಪಿಯಾನ್, ನಿದ್ದೆಗೆ ಕೊಡುವ ಟ್ರಾಜೊಡೋನ್, ಕೆಮ್ಮಿನ ಸಿರಪ್‌ನಲ್ಲಿರುವ ಪ್ರೊಮೆಥಜಿನ್, ಇವೆಲ್ಲ ಆಂಫೆಟಮಿನ್ ಪಟ್ಟಿಗಳನ್ನು ಸುಳ್ಳು ಹೇಳಿಸಬಲ್ಲವು. ಪರೀಕ್ಷೆಗೆ ಮೊದಲೇ ಕಳೆದ ಒಂದು ವಾರದಲ್ಲಿ ನುಂಗಿದ ಮಾತ್ರೆಗಳನ್ನೆಲ್ಲ ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ನೆಪ ಹುಡುಕುತ್ತಿದ್ದಾನೆ ಎಂದೇ ಅನ್ನಿಸುತ್ತದೆ. ಹುಡುಗ ಇಲ್ಲ ಎಂದು ಗಟ್ಟಿಯಾಗಿ ಹೇಳಿದರೆ ಉಳಿದ ಮೂತ್ರವನ್ನು ಮುಚ್ಚಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು 48 ಗಂಟೆಯೊಳಗೆ ವಸ್ತುವನ್ನು ನಿಖರವಾಗಿ ಗುರುತಿಸುವ ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ಪರೀಕ್ಷೆ ಮಾಡುವ ಲ್ಯಾಬಿಗೆ ಕೊಡಬೇಕು. ಆ ವರದಿ ಬರುವವರೆಗೆ ಕಿಟ್ ಹೇಳಿದ್ದು ಅನುಮಾನ ಮಾತ್ರ. ಅದರ ಮೇಲೆ ಕಾಲೇಜು ಬಿಡಿಸುವುದು, ಕೆಲಸದಿಂದ ತೆಗೆಯುವುದು, ಪಿಜಿಯಿಂದ ಹೊರಹಾಕುವುದು ಅನ್ಯಾಯ.

ಎಷ್ಟು ದಿನ ಹಿಂದಿನದು ಗೊತ್ತಾಗುತ್ತದೆ? ಮೆತ್‌ನ ಅರ್ಧಾಯುಷ್ಯ (ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು) ಸುಮಾರು 10ರಿಂದ 12 ಗಂಟೆ. ಮೂತ್ರದಲ್ಲಿ 2ರಿಂದ 4 ದಿನ ಸಿಗುತ್ತದೆ, ದಿನಾ ಎಳೆಯುವವರಲ್ಲಿ ಒಂದು ವಾರದವರೆಗೂ ಸಿಗಬಹುದು. ಶನಿವಾರ ತೆಗೆದುಕೊಂಡವನನ್ನು ಶುಕ್ರವಾರ ಪರೀಕ್ಷಿಸಿದರೆ ಏನೂ ಸಿಗದೆ ಹೋಗಬಹುದು. ಗಾಂಜಾದ ಕಥೆ ಇದಕ್ಕೆ ತಿರುವುಮುರುವು: ದಿನಾ ಸೇದುತ್ತಿದ್ದವನು ಪೂರ್ತಿ ಬಿಟ್ಟ ಮೇಲೂ ಮೂರು ನಾಲ್ಕು ವಾರ ‘ಟಿಎಚ್‌ಸಿ’ (ಗಾಂಜಾದ ಪ್ಯಾನೆಲ್) ಪಾಸಿಟಿವ್ ತೋರಿಸಬಹುದು. ಬಿಟ್ಟು ಇಪ್ಪತ್ತು ದಿನವಾದ ಮಗನನ್ನು ಸುಳ್ಳುಗಾರ ಎಂದು ಕರೆದು ಮತ್ತೆ ಅದೇ ಗುಂಪಿಗೆ ತಳ್ಳುವುದು ಹೀಗೆಯೇ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಿಟ್ ಉತ್ತರಿಸುವುದು ಒಂದೇ ಪ್ರಶ್ನೆಗೆ: ಕಳೆದ ಕೆಲವು ದಿನದಲ್ಲಿ ಈ ಜಾತಿಯ ವಸ್ತು ಮೈಯೊಳಗೆ ಹೋಗಿತ್ತೇ? ತಾಯ್ತಂದೆಯರು ಕಿಟ್ ಕೊಳ್ಳುವಾಗ ಮನಸ್ಸಿನಲ್ಲಿರುವ ಪ್ರಶ್ನೆಗಳು ಬೇರೆ. ಇವನು ಯಾರ ಜೊತೆ ಓಡಾಡುತ್ತಿದ್ದಾನೆ, ರಾತ್ರಿ ಬೈಕಿನಲ್ಲಿ ಬಂದು ಹಾರ್ನ್ ಹೊಡೆಯುವವರು ಯಾರು, ನಾಳೆ ಮಚ್ಚಿನೇಟು ತಿಂದು ಬೀಳುತ್ತಾನೋ ಅಥವಾ ಇವನೇ ಮಚ್ಚು ಹಿಡಿಯುತ್ತಾನೋ. ಇವಕ್ಕೆ ಯಾವ ಗೆರೆಯೂ ಮೂಡುವುದಿಲ್ಲ.

ಡ್ರಗ್ಸ್ ಮತ್ತು ಹಿಂಸೆಯ ಸಂಬಂಧವನ್ನು 1985ರಲ್ಲಿ ಪಾಲ್ ಗೋಲ್ಡ್‌ಸ್ಟೀನ್ ಎಂಬ ಅಮೆರಿಕದ ಸಂಶೋಧಕ ಮೂರು ದಾರಿಯಾಗಿ ಬಿಡಿಸಿಟ್ಟರು: ವಸ್ತು ಮೈಮೇಲೆ ಬಂದು ಮಾಡಿಸುವ ಹಿಂಸೆ, ಅದನ್ನು ಕೊಳ್ಳುವ ದುಡ್ಡಿಗಾಗಿ ಆಗುವ ಹಿಂಸೆ, ಮಾರುವ ಧಂದೆಯೊಳಗಿನ ಹಿಂಸೆ. ಮನೆಯವರು ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಮೂರಕ್ಕೂ ಮಾಡಬೇಕಾದ್ದು ಬೇರೆ.

ಮೊದಲನೆಯದು ಮೆತ್‌ನಲ್ಲಿ ನಿಜಕ್ಕೂ ಜೋರು. ಅದು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಸುರಿಸುತ್ತದೆ. ಎರಡು ಮೂರು ರಾತ್ರಿ ನಿದ್ದೆಯಿಲ್ಲ, ಊಟವಿಲ್ಲ. ಆಮೇಲೆ ಅನುಮಾನ ಹತ್ತುತ್ತದೆ: ಕಿಟಕಿ ಸಂದಿಯಲ್ಲಿ ಯಾರೋ ನೋಡುತ್ತಿದ್ದಾರೆ, ಫೋನಿನಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ, ಚರ್ಮದಡಿ ಹುಳ ಹರಿಯುತ್ತಿದೆ. ಒಬ್ಬನೇ ವ್ಯಕ್ತಿ ಮೆತ್ ತೆಗೆದುಕೊಂಡ ತಿಂಗಳನ್ನೂ ತೆಗೆದುಕೊಳ್ಳದ ತಿಂಗಳನ್ನೂ ಹೋಲಿಸಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಬಳಸಿದ ದಿನಗಳು ಹೆಚ್ಚಾದಷ್ಟೂ ಹೊಡೆದಾಟ ಹೆಚ್ಚು, ಇಲ್ಲದ್ದು ಕಾಣುವ ಕೇಳುವ ಲಕ್ಷಣವಿದ್ದರೆ ಇನ್ನೂ ಹೆಚ್ಚು, ಮದ್ಯ ಸೇರಿದರೆ ಮತ್ತೂ ಹೆಚ್ಚು ಎಂದು ಅದು ತೋರಿಸಿತು. ಕೊನೆಯದನ್ನು ನಮ್ಮಲ್ಲಿ ಮರೆಯುತ್ತಾರೆ: ‘ಡ್ರಗ್ಸ್ ಗಲಾಟೆ’ ಎಂದು ಸುದ್ದಿಯಾಗುವ ರಾತ್ರಿಗಳಲ್ಲಿ ಬಾಟಲಿಯ ಪಾಲನ್ನು ಯಾರೂ ಕೇಳುವುದಿಲ್ಲ.

ಆದ್ದರಿಂದ ಕಿಟ್ ಕುರಿತ ನಮ್ಮ ಅತಿ ಗಟ್ಟಿಯಾದ ಮಾತು ಇದು: ನಿದ್ದೆಗೆಟ್ಟು, ಕಣ್ಣರಳಿಸಿ, ಹಲ್ಲು ಕಡಿಯುತ್ತ ಓಡಾಡುತ್ತಿರುವವನ ಕೈಗೆ ಕಪ್ ಕೊಡಬೇಡಿ. ಆ ಹೊತ್ತಿನಲ್ಲಿ ‘ಬಾ, ಮೂತ್ರ ಕೊಡು’ ಎಂಬುದು ಅವನಿಗೆ ಹಿಡಿದುಕೊಡುವ ಸಂಚಾಗಿ ಕೇಳಿಸುತ್ತದೆ. ಟಿವಿ ಆರಿಸಿ, ಜನ ಕಡಿಮೆ ಮಾಡಿ, ಅಡುಗೆಮನೆಯ ಚಾಕು ಕತ್ತರಿ ತೆಗೆದಿಡಿ. ಅವನಿಗೂ ನಿಮಗೂ ಬಾಗಿಲ ದಾರಿ ಬಿಡಿ, ಬೆನ್ನ ಹಿಂದಿನಿಂದ ಮುಟ್ಟಬೇಡಿ. ಮಾತು ಚಿಕ್ಕದಿರಲಿ: ‘ಮಗಾ, ನೀರು ಇಲ್ಲಿಟ್ಟಿದೀನಿ. ನಾನು ಹೊರಗೆ ಕೂತಿರ್ತೀನಿ.’ ಅವನಿಗೆ ಕಾಣುವುದು ಸುಳ್ಳು ಎಂದು ವಾದಿಸಬೇಡಿ, ನಿಜ ಎಂದು ಒಪ್ಪಲೂಬೇಡಿ. ಮನೆಯಲ್ಲಿರುವ ನಿದ್ದೆ ಮಾತ್ರೆ ಹಾಕಿ ಮಲಗಿಸುವ ಪ್ರಯತ್ನ ಅಪಾಯ. ಕಟ್ಟಿಹಾಕುವುದು ಅದಕ್ಕಿಂತ ದೊಡ್ಡ ಅಪಾಯ, ಏಕೆಂದರೆ ಮೆತ್ ಮೈ ಕಾಯಿಸುತ್ತದೆ, ಹೃದಯ ಓಡಿಸುತ್ತದೆ, ಒದ್ದಾಟ ಅದನ್ನು ಇನ್ನೂ ಏರಿಸುತ್ತದೆ. ಎದೆನೋವು, ಫಿಟ್ಸ್, ಮುಟ್ಟಿದರೆ ಸುಡುವ ಮೈ ಕಂಡರೆ 108. ಯಾರ ಮೇಲಾದರೂ ಕೈ ಎತ್ತಿದರೆ 112. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ಚಿಕಿತ್ಸೆ ರಾತ್ರಿಯೂ ತೆರೆದಿರುತ್ತದೆ.

ಅಮಲು ಇಳಿದ ಮೇಲೆ ಒಂದು ಎರಡು ದಿನ ಹೆಣದಂತೆ ಮಲಗುತ್ತಾರೆ, ಎದ್ದು ಸಿಕ್ಕಿದ್ದೆಲ್ಲ ತಿನ್ನುತ್ತಾರೆ. ಆ ನಿದ್ದೆಗೆ ಬೈಯಬೇಡಿ. ನಂತರದ ದಿನಗಳಲ್ಲಿ ಮನಸ್ಸು ತಳಕ್ಕೆ ಕುಸಿಯುತ್ತದೆ, ಸಾಯುವ ಮಾತೂ ಬರಬಹುದು. ಆಗ ಒಬ್ಬನೇ ಬಿಡಬಾರದು.

ಎರಡನೆಯ ದಾರಿ, ದುಡ್ಡು, ಎಲ್ಲ ಮನೆಯಲ್ಲೂ ಒಂದೇ ರೀತಿ ಕಾಣಿಸುತ್ತದೆ: ಮೊದಲು ಲ್ಯಾಪ್‌ಟಾಪ್ ‘ರಿಪೇರಿಗೆ’ ಹೋಗುತ್ತದೆ, ಆಮೇಲೆ ಅಮ್ಮನ ಬಳೆ ಅಡವಿನ ಅಂಗಡಿಗೆ.

ಮೂರನೆಯದೇ ಬೀದಿ ಗ್ಯಾಂಗುಗಳ ದಾರಿ. ಕಾನೂನಿಲ್ಲದ ವ್ಯಾಪಾರದಲ್ಲಿ ಬಾಕಿ ವಸೂಲಿಗೆ ಕೋರ್ಟಿಲ್ಲ, ಏರಿಯಾ ತಕರಾರಿಗೆ ಪಂಚಾಯ್ತಿ ಇಲ್ಲ, ಮಾಹಿತಿ ಕೊಟ್ಟನೆಂಬ ಅನುಮಾನಕ್ಕೆ ವಿಚಾರಣೆ ಇಲ್ಲ. ಇವೆಲ್ಲದರ ಜಾಗದಲ್ಲಿ ಲಾಂಗು ಮಚ್ಚು ನಿಂತಿವೆ. ಮೆತ್ ಕಾಲಿಡುವ ದಶಕಗಳ ಮೊದಲೇ ಬೆಂಗಳೂರಿನಲ್ಲಿ ರೌಡಿಸಂ ಇತ್ತು, ಹಾಗಾಗಿ ಎಲ್ಲವನ್ನೂ ಪುಡಿಯ ತಲೆಗೆ ಕಟ್ಟುವುದು ಸರಿಯಲ್ಲ. ಪುಡಿ ಬಂದಾಗ ಬದಲಾಗುವುದು ಆಳುಗಳ ಲೆಕ್ಕ. ಚಟ ಹತ್ತಿದ ಹುಡುಗನಿಗೆ ಸಂಬಳ ಕೊಡಬೇಕಾಗಿಲ್ಲ, ಮಾಲು ಕೊಟ್ಟರೆ ಸಾಕು. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಪಕ್ಕದ ಕೇಪ್ ಫ್ಲ್ಯಾಟ್ಸ್‌ನಲ್ಲಿ ಗ್ಯಾಂಗುಗಳು ಹಳೆಯವು; ಅಲ್ಲಿ ‘ಟಿಕ್’ ಎಂದು ಕರೆಯುವ ಮೆತ್ 2000ದ ಮೊದಲ ವರ್ಷಗಳಲ್ಲಿ ಅವುಗಳ ಮೂಲಕವೇ ಮನೆಮನೆಗೆ ಹರಡಿತು. ಮಾಲು ಎಷ್ಟು ದೊಡ್ಡ ಪ್ರಮಾಣದಲ್ಲಿ ನಮ್ಮ ಸುತ್ತ ಹರಿಯುತ್ತಿದೆ ಎಂಬುದಕ್ಕೆ ಎರಡು ವಶಪಡಿಕೆ ಸಾಕು: 2023ರ ಮೇನಲ್ಲಿ ಕೇರಳ ಕರಾವಳಿಯಾಚೆ ಎನ್‌ಸಿಬಿ (ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ) ಮತ್ತು ನೌಕಾಪಡೆ ಹಿಡಿದ ಸುಮಾರು 2,500 ಕೆಜಿ ಮೆತ್, 2024ರ ನವೆಂಬರ್‌ನಲ್ಲಿ ಅಂಡಮಾನ್ ಬಳಿ ಕೋಸ್ಟ್ ಗಾರ್ಡ್ ಹಿಡಿದ 5,500 ಕೆಜಿಗೂ ಹೆಚ್ಚು.

ನಮ್ಮ ಊರಲ್ಲಿ ಒಬ್ಬ ಹುಡುಗ ಈ ದಾರಿಗೆ ಬೀಳುವುದು ಸದ್ದಿಲ್ಲದೆ. ಮೊದಲ ಕೆಲವು ಸಲ ಸಾಲ. ಸಾಲ ಏರಿದ ಮೇಲೆ ‘ಒಂದು ಪಾರ್ಸೆಲ್ ಇಟ್ಟು ಬಾ’ ಎಂಬ ಮಾತು: ಹೂಕುಂಡದ ಹಿಂದೆ, ಕರೆಂಟ್ ಬಾಕ್ಸಿನ ಕೆಳಗೆ ಪೊಟ್ಟಣ ಇಟ್ಟು ಫೋಟೋ, ಲೊಕೇಶನ್ ಕಳಿಸುವ ಕೆಲಸ. ಅಲ್ಲಿಗೆ ಅವನು ಕಾನೂನಿನ ಕಣ್ಣಿನಲ್ಲಿ ಬಳಸುವವನಾಗಿ ಉಳಿಯುವುದಿಲ್ಲ. 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯಲ್ಲಿ ಮೆತ್‌ಗೆ 2 ಗ್ರಾಂವರೆಗೆ ಸಣ್ಣ ಪ್ರಮಾಣ, 50 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ಜೈಲು. ಬೆರಕೆಯ ತೂಕವೂ ಲೆಕ್ಕಕ್ಕೆ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗ್ಲೂಕೋಸ್ ಬೆರೆಸಿದ 11 ಗ್ರಾಂ ಪುಡಿ ಅವನ ಜೇಬಿನಲ್ಲಿ ಸಿಕ್ಕಿ, ಅದರಲ್ಲಿ ಎಂಡಿಎಂಎ ಇದ್ದರೆ, ‘ಒಳಗೆ ಎರಡೇ ಗ್ರಾಂ ಇತ್ತು’ ಎಂಬ ವಾದ ನಿಲ್ಲುವುದಿಲ್ಲ.

ಬಾಗಿಲಿಗೆ ಬಾಕಿ ಕೇಳಲು ಬಂದವರ ಕೈಗೆ ದುಡ್ಡು ಕೊಟ್ಟು ಕಳಿಸುವುದು ಸುಲಭವೆನ್ನಿಸುತ್ತದೆ. ಕೊಟ್ಟ ಮನೆ ಕೊಡಬಲ್ಲ ಮನೆ ಎಂದು ಅವರಿಗೆ ಗೊತ್ತಾಗುತ್ತದೆ, ಮುಂದಿನ ತಿಂಗಳ ಮೊತ್ತ ದೊಡ್ಡದಾಗುತ್ತದೆ. ಬೆದರಿಕೆಯ ಮೆಸೇಜು, ಯುಪಿಐ ಸ್ಕ್ರೀನ್‌ಶಾಟ್, ಬೈಕಿನ ನಂಬರು ಇಟ್ಟುಕೊಳ್ಳಿ, ವಕೀಲರೊಬ್ಬರ ಜೊತೆ ಮಾತಾಡಿ ಠಾಣೆಗೆ ಹೋಗಿ. ಮಾರಾಟದ ಮಾಹಿತಿ ಕೊಡಲು ಎನ್‌ಸಿಬಿಯ 1933 ಇದೆ. ಮಗನ ಮೇಲೆ ಕೇಸಾಗುವ ಭಯಕ್ಕೆ ಕಾಯ್ದೆಯಲ್ಲೇ ಒಂದು ಬಾಗಿಲಿದೆ: ಸೆಕ್ಷನ್ 64ಎ. ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಸೇರಿ ಮುಗಿಸಿದರೆ ಆ ಆರೋಪದಿಂದ ರಕ್ಷಣೆ ಸಿಗುತ್ತದೆ. ಷರತ್ತು ಎರಡು: ಆಸ್ಪತ್ರೆ ಸರ್ಕಾರದ್ದೋ ಸ್ಥಳೀಯ ಆಡಳಿತದ್ದೋ ಅಥವಾ ಅವು ಮಾನ್ಯ ಮಾಡಿದ್ದೋ ಆಗಿರಬೇಕು, ನಡುವೆ ಬಿಟ್ಟರೆ ರಕ್ಷಣೆ ಹೋಗಬಹುದು. ಬೋರ್ಡು ಮಾತ್ರ ಇರುವ ಖಾಸಗಿ ಕೇಂದ್ರದ ಸರ್ಟಿಫಿಕೇಟು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಅಂಥ ಕೇಂದ್ರಗಳ ಬಗ್ಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಡ್ರಗ್ಸ್ ದುರ್ಬಳಕೆಯಿಂದ ಬರುವ ತೊಂದರೆಗಳನ್ನೂ ಒಳಗೊಳ್ಳುತ್ತದೆ. ಇಟ್ಟುಕೊಂಡು ಚಿಕಿತ್ಸೆ ಕೊಡುವ ಸಂಸ್ಥೆಗೆ ನೋಂದಣಿ ಬೇಕು, ಸರಪಳಿ ಹಾಕುವುದು ಯಾವ ಕಾರಣಕ್ಕೂ ನಿಷಿದ್ಧ. ನೋಂದಣಿ ಪತ್ರ ಕೇಳಿ, ಮನೋವೈದ್ಯರು ಯಾವ ದಿನ ಬರುತ್ತಾರೆ ಕೇಳಿ, ಮನೆಯವರ ಭೇಟಿಗೆ ಅವಕಾಶ ಇದೆಯೇ ಕೇಳಿ. ‘ಮೂರು ತಿಂಗಳು ಈ ಕಡೆ ಬರಬೇಡಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ಕಿಟ್ ನಿಜವಾಗಿ ಚೆನ್ನಾಗಿ ಕೆಲಸ ಮಾಡುವ ಜಾಗಕ್ಕೆ ಬರೋಣ: ಚಿಕಿತ್ಸೆ. ಮೆತ್ ಚಟಕ್ಕೆಂದೇ ಒಪ್ಪಿತವಾದ ಮಾತ್ರೆ ಇಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ನಾಲ್ಟ್ರೆಕ್ಸೋನ್ ಚುಚ್ಚುಮದ್ದು ಮತ್ತು ಬುಪ್ರೋಪಿಯಾನ್ ಜೊತೆಯಾಗಿ ಕೊಟ್ಟಾಗ ಶೇ 13.6 ಜನರಲ್ಲಿ ಫಲ ಕಂಡಿತು, ಬರೀ ಹುಸಿಮದ್ದು ಪಡೆದವರಲ್ಲಿ ಶೇ 2.5. ಮೇಲೆ ಹೇಳಿದಂತೆ ಬುಪ್ರೋಪಿಯಾನ್ ಪಟ್ಟಿಯನ್ನು ಸುಳ್ಳು ಹೇಳಿಸಬಲ್ಲದು, ಈ ಚಿಕಿತ್ಸೆಯಲ್ಲಿ ಇರುವವರ ಮನೆಯವರಿಗೆ ಇದು ಗೊತ್ತಿರಲೇಬೇಕು. ಇದುವರೆಗೆ ಹೆಚ್ಚು ಪುರಾವೆ ಇರುವುದು ಸರಳ ವಿಧಾನವೊಂದಕ್ಕೆ: ವಾರಕ್ಕೆ ಎರಡು ಮೂರು ಸಲ ಮೂತ್ರ ಪರೀಕ್ಷೆ, ನೆಗೆಟಿವ್ ಬಂದ ಪ್ರತಿ ಸಲ ಆ ಕ್ಷಣವೇ ಒಂದು ಸಣ್ಣ ಬಹುಮಾನ, ಸತತವಾಗಿ ಬಂದರೆ ಬಹುಮಾನ ದೊಡ್ಡದು, ಪಾಸಿಟಿವ್ ಬಂದರೆ ಬೈಗುಳವಿಲ್ಲ, ಬಹುಮಾನ ಮೊದಲ ಮೆಟ್ಟಿಲಿಗೆ ಇಳಿಯುತ್ತದೆ ಅಷ್ಟೇ. ಬಹುಮಾನ ನಗದಾಗಿರಬಾರದು; ಮೊಬೈಲ್ ರೀಚಾರ್ಜ್, ಜಿಮ್ ಫೀಸು, ಪೆಟ್ರೋಲ್ ಬಂಕಿನಲ್ಲಿ ನೀವೇ ಹಾಕಿಸಿಕೊಡುವ ಪೆಟ್ರೋಲ್ ಆಗಬಹುದು. ಹುಡುಗ ಒಪ್ಪಿರಬೇಕು, ಆಪ್ತಸಮಾಲೋಚಕರು ನಿಯಮ ಬರೆದಿರಬೇಕು, ದಿನ ಮೊದಲೇ ಗೊತ್ತಿರಬೇಕು. ಮೆತ್ ಮೂತ್ರದಲ್ಲಿ 2ರಿಂದ 4 ದಿನ ಸಿಗುವುದರಿಂದ ಸೋಮವಾರ, ಗುರುವಾರ ಹಿಡಿದರೆ ನಡುವಿನ ಬಳಕೆ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ದಾರಿ ತೋರಿಸಲು ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಕನ್ನಡದಲ್ಲೇ ಮಾತಾಡುವ ಟೆಲಿ ಮನಸ್ 14416, ಎರಡೂ ಉಚಿತ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ.

ಹಾಗಾಗಿ ಕೊಳ್ಳುವುದಾದರೆ ಹತ್ತು ಹನ್ನೆರಡು ಪ್ಯಾನೆಲ್‌ನ ದುಬಾರಿ ಕಪ್ ಒಂದೆರಡು ಸಾಕು, ಚಿಕಿತ್ಸೆಯ ಆರಂಭದಲ್ಲಿ ಏನೇನಿದೆ ಎಂದು ನೋಡಲು. ಆಮೇಲೆ ‘ಎಂಇಟಿ’ ಒಂದೇ ಇರುವ ಅಗ್ಗದ ಪಟ್ಟಿಗಳು, ವಾರಕ್ಕೆ ಎರಡರಂತೆ ಹನ್ನೆರಡು ವಾರಕ್ಕೆ 24, ಕೆಟ್ಟುಹೋಗುವುದಕ್ಕೆಂದು ಇನ್ನು ನಾಲ್ಕು. ಎಲ್ಲವೂ ಒಂದೇ ಕಂಪನಿ, ಒಂದೇ ಮಿತಿ, ಅವಧಿ ಮುಗಿಯಲು ಕನಿಷ್ಠ ಆರು ತಿಂಗಳು ಬಾಕಿ ಇರಲಿ. 2ರಿಂದ 30 ಡಿಗ್ರಿಯೊಳಗೆ, ಬಚ್ಚಲ ಹಬೆಯಿಂದ ದೂರ, ಬೀರುವಿನಲ್ಲಿಡಿ. ಪೊಟ್ಟಣ ಹರಿದ ಮೇಲೆ ಒಂದು ಗಂಟೆಯೊಳಗೆ ಬಳಸಿಬಿಡಿ.